ಗಂಟೆಯ ಬಟ್ಟಲಿನ ಅರಳೆ

ಎಪ್ಪತ್ತರ ದಶಕದ ನಡುವಿನಲ್ಲಿ ರಾಜಾಜಿನಗರದ ನಮ್ಮ ಬಾಡಿಗೆ ಮನೆಯ ಕಪಾಟಿನ ತುಂಬ ಟೆಲಿಫೋನುಗಳಿದ್ದವು. ಒಂದಕ್ಕೂ ಲೈನಿರಲಿಲ್ಲ. ಲೈನಿಗೆ ಅರ್ಜಿ ಹಾಕಿ ವರ್ಷಗಳಾಗಿದ್ದವು. ನಮಗೆ ಯಾರಾದರೂ ಫೋನ್ ಮಾಡಬೇಕಿದ್ದರೆ ಎದುರುಮನೆಯ ಡಾಕ್ಟರಿಗೆ ಮಾಡುತ್ತಿದ್ದರು. ಅವರ ಮನೆಯಾಕೆ ಕಾಂಪೌಂಡಿನ ಬಳಿ ಬಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದರು: "ಫೋನ್ ಬಂದಿದೆ, ಬನ್ರೀ! ಇಷ್ಟೊಂದು ಫೋನ್ ಇಟ್ಕೊಂಡು ನಮ್ಮನೆಗೆ ಓಡಿ ಬರ್ತೀರಲ್ಲ!"

ಫೋನುಗಳು ನನ್ನಣ್ಣನವು. ಅವನು ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸ ಮಾಡುತ್ತಿದ್ದ. ಭಾನುವಾರ ಮಾಗಡಿ ರಸ್ತೆಯ ಗುಜರಿ ಅಂಗಡಿಗಳನ್ನು ಸುತ್ತಿ, ಕೆಟ್ಟುಹೋದ ಹಳೆಯ ಫೋನುಗಳನ್ನು ಆರಿಸಿ ತರುತ್ತಿದ್ದ. ಹ್ಯಾಂಡಲ್ ತಿರುಗಿಸಿ ಗಂಟೆ ಬಾರಿಸುವಂಥವೂ ಇದ್ದವು. ಆದರೆ ಅವನ ಮನಸ್ಸಿದ್ದದ್ದು ಬೆರಳು ತೂರಿಸಿ ತಿರುಗಿಸುವ ಡಯಲ್ ಇದ್ದ ಕರಿ ಬೇಕಲೈಟ್ ಫೋನುಗಳ ಮೇಲೆ. ಗೋವಿಂದರಾಜನಗರದ ಕಡೆಯ ಒಬ್ಬ ಗುಜರಿ ಸಾಹೇಬರು ಅವನ ಸೈಕಲ್ ಕಂಡ ಕೂಡಲೇ ನಗುತ್ತಿದ್ದರು.

"ಬನ್ನಿ ಸಾರ್, ನಿಮ್ ಕರೀಕೋಳಿ ಬಂದೈತೆ. ಕೂಗಲ್ಲ, ಮೊಟ್ಟೆ ಇಡಲ್ಲ, ಆದ್ರೂ ನೀವ್ ಬಿಡಲ್ಲ."

"ಕೂಗ್ಸೋ ಕೆಲ್ಸ ನಂದು ಸಾಹೇಬ್ರೆ," ಎನ್ನುತ್ತಿದ್ದ ಅಣ್ಣ.

ಕೂಗಿಸುತ್ತಲೂ ಇದ್ದ. ನಡುಕೋಣೆಯಿಂದ ಅಡುಗೆಮನೆಗೆ ತಂತಿ ಎಳೆದು, ಎರಡು ಫೋನುಗಳ ನಡುವೆ ಬ್ಯಾಟರಿ ಕೂರಿಸಿ, ಅತ್ತಿಗೆಯನ್ನು ಆ ತುದಿಯಲ್ಲಿ ನಿಲ್ಲಿಸಿ ಮಾತಾಡಿಸುತ್ತಿದ್ದ. ಅತ್ತಿಗೆ ರಿಸೀವರ್ ಹಿಡಿದು, "ಹಲೋ, ಸಾರು ಆರ್ತಾ ಇದೆ, ಬಂದು ಉಣ್ಣಿ. ಇದನ್ನ ಹೇಳೋಕೆ ಬ್ಯಾಟ್ರಿ ಬೇಕಿತ್ತಾ?" ಎನ್ನುತ್ತಿದ್ದರು. ಆ ಮಾತು ಅವನಿಗೆ ರಿಸೀವರಿನಲ್ಲೂ ಕೇಳುತ್ತಿತ್ತು, ಬಾಗಿಲಿಂದಲೂ ಕೇಳುತ್ತಿತ್ತು. ಅವನು ರಿಸೀವರಿನಲ್ಲಿ ಕೇಳಿದ್ದನ್ನು ಮಾತ್ರ ಗಮನಿಸುತ್ತಿದ್ದ. "ಕ್ಲಿಯರ್ ಆಗಿದೆ" ಎಂದು ತಲೆಯಾಡಿಸುತ್ತಿದ್ದ.

ಅಣ್ಣನಿಗೊಂದು ನೇಮವಿತ್ತು. ಅವನ ಕೈಯಿಂದ ಹೊರಟ ಫೋನನ್ನು ಹಿಂದೆ ಯಾರಾದರೂ ಬಳಸಿದ್ದರು ಎಂಬ ಗುರುತು ಉಳಿಯಬಾರದು. ಬಿಚ್ಚಬಹುದಾದ ಪ್ರತಿ ಸ್ಕ್ರೂ ಬಿಚ್ಚುತ್ತಿದ್ದ. ಹಿತ್ತಾಳೆಯ ಭಾಗಗಳನ್ನು ಪೆಟ್ರೋಲಿನಲ್ಲಿ ತೊಳೆಯುತ್ತಿದ್ದ. ಮೈಮೇಲಿನ ಗೀರುಗಳನ್ನು ಉಜ್ಜಿ ತೆಗೆದು ಹೊಳಪು ಕೊಡುತ್ತಿದ್ದ. ಡಯಲಿಗೆ ಗಡಿಯಾರದ ಎಣ್ಣೆಯ ಒಂದೇ ಹನಿ. ಸೊನ್ನೆಯನ್ನು ತಿರುಗಿಸಿ ಬಿಟ್ಟರೆ ಡಯಲ್ ತಡವರಿಸದೆ, ಓಡದೆ, ಒಂದೇ ವೇಗದಲ್ಲಿ ಹಿಂದಿರುಗಬೇಕು. ಅದನ್ನು ಕಣ್ಣು ಮುಚ್ಚಿ ಕೇಳುತ್ತಿದ್ದ. ಕಾರ್ಖಾನೆಯಲ್ಲಿ ಅವನು ಮಾಡುತ್ತಿದ್ದದ್ದೂ ಅದನ್ನೇ. ಅಳತೆಗೆ ಹೊಂದದ್ದು ತಪ್ಪು, ಹೊಂದಿದ್ದು ಸರಿ.

ನಾನು ಆಗ ಒಂದು ದಿನಪತ್ರಿಕೆಯ ಸುದ್ದಿಮನೆಯಲ್ಲಿದ್ದೆ. ಊರುಗಳಿಂದ ಟ್ರಂಕ್ ಕಾಲಿನಲ್ಲಿ ಬರುವ ಸುದ್ದಿಯನ್ನು ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಫೋನ್ ನನಗೆ ಹೊಟ್ಟೆಪಾಡಿನ ಸಾಮಾನು. ಅದರ ಮೇಲೆ ಒಬ್ಬ ಮನುಷ್ಯನಿಗೆ ಇಷ್ಟು ಪ್ರೀತಿ ಯಾಕೆಂದು ತಿಳಿಯದೆ, ಕೆಲಸವಿಲ್ಲದ ಹೊತ್ತಿನಲ್ಲಿ ಅವನ ಎದುರು ಕೂತು ನೋಡುತ್ತಿದ್ದೆ. ಆದ್ದರಿಂದ ಕೆಳಗೆ ಬರೆಯುವುದರಲ್ಲಿ ಹೆಚ್ಚಿನದು ನಾನು ಕಣ್ಣಾರೆ ಕಂಡದ್ದು.

ಅತ್ತಿಗೆ ಹೊಲಿಗೆ ಕಲಿಯಲು ಹೋಗುತ್ತಿದ್ದ ಮಹಿಳಾ ಸಮಾಜದಲ್ಲಿ ಅವರಿಗೊಬ್ಬ ಸ್ನೇಹಿತೆ ಇದ್ದರು. ಶಾಲೆಯಲ್ಲಿ ಟೀಚರ್. ದಾವಣಗೆರೆ ಕಡೆಯವರು, ಬಸವೇಶ್ವರನಗರದಲ್ಲಿ ಆಗಷ್ಟೇ ಮನೆ ಕಟ್ಟಿಸಿದ್ದರು. ಒಂದು ಸಂಜೆ ಅವರು ಟವೆಲಿನಲ್ಲಿ ಸುತ್ತಿದ ಗಂಟೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಮ್ಮನೆಗೆ ಬಂದರು. ಬಿಚ್ಚಿದರೆ ಫೋನು. ಕರಿಯ ಬಣ್ಣ ಮಾಸಿ ಬೂದಿಯಾಗಿತ್ತು. ರಿಸೀವರಿನ ನೂಲು ಹೊದಿಸಿದ ತಂತಿಯ ಬಳ್ಳಿ ಒಂದು ಕಡೆ ಹರಿದಿತ್ತು. ಹರಿದ ಜಾಗಕ್ಕೆ ಯಾರೋ ಕೆಂಪು ದಾರ ಸುತ್ತಿ ಗಂಟು ಹಾಕಿದ್ದರು.

ಟೀಚರ್ ಹೇಳಿದ ಸಂಗತಿ ಇಷ್ಟು. ಅವರ ತಂದೆ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ ನಡೆಸುತ್ತಿದ್ದರು. ಮಿಲ್ಲಿನೊಳಗೇ ಒಂದು ಸಣ್ಣ ಸ್ವಂತ ಎಕ್ಸ್‌ಚೇಂಜ್ ಇತ್ತು. ಅದೇ ಆವರಣದಲ್ಲಿದ್ದ ಮನೆಗೂ ಆಫೀಸಿಗೂ ಗೋಡೌನಿಗೂ ಅದರಿಂದ ಫೋನ್. ತಂದೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಹಂಚಿಕೊಂಡರು, ಮಿಲ್ಲು ಮಾರಾಟವಾಯಿತು, ಎಕ್ಸ್‌ಚೇಂಜ್ ಗುಜರಿಗೆ ಹೋಯಿತು. ತಾಯಿ ಮಗಳ ಜೊತೆ ಬೆಂಗಳೂರಿಗೆ ಬಂದರು. ಅಷ್ಟರಲ್ಲಿ ಅವರ ಎರಡೂ ಕಣ್ಣು ಹೋಗಿದ್ದವು.

"ಹಂಚ್ಕೊಳ್ಳೋವಾಗ 'ನಿಂಗೇನು ಬೇಕವ್ವ' ಅಂತ ಎಲ್ರೂ ಕೇಳಿದ್ರು," ಎಂದರು ಟೀಚರ್. "'ಮನೀ ಫೋನ್ ಕೊಡ್ರಿ, ಸಾಕು' ಅಂದ್ಲು. ಇಲ್ಲಿ ಬಂದ್ಮೇಲೆ ಮಾತೇ ಕಮ್ಮಿ ಮಾಡ್ಯಾಳೆ. ಮನೆ ಹೊಸದು, ಗೋಡೆ ಎಲ್ಲೈತಿ ಬಾಗಿಲು ಎಲ್ಲೈತಿ ಗೊತ್ತಾಗಲ್ಲ ಅಕಿಗೆ. ಇದನ್ನ ತೊಡಿ ಮೇಲೆ ಇಟ್ಕೊಂಡು ಕೂರ್ತಾಳೆ. ಇದೊಂದು ಬಾರಿಸ್ಬೇಕು ಅಂತ ಆಸೆ. ಅವಳ ಮಂಚದಿಂದ ಅಡುಗೆಮನೆಗೆ ಮಾತಾಡೋ ಹಂಗಾದ್ರೆ ಇನ್ನೂ ಚಲೋ."

"ಅದೇನ್ ಮಹಾ," ಎಂದ ಅಣ್ಣ. "ಅಡುಗೆಮನೆಗೆ ನನ್ನ ಹತ್ರ ಇರೋದ್ರಲ್ಲಿ ಒಂದು ಹಾಕೋಣ. ಇದನ್ನ ಹೊಸದರ ಥರ ಮಾಡಿ ಕೊಡ್ತೀನಿ ನೋಡಿ."

ಟೀಚರ್ ಖುಷಿಯಾಗಿ ಹೋದರು. ಹೊಸದರ ಥರ ಬೇಡ ಎಂದು ಹೇಳಲು ಅವರಿಗೂ ತೋಚಲಿಲ್ಲ. ಅವರು ಆ ಫೋನ್ ಬಳಸಿದ್ದು ಕಡಿಮೆ. ಮದುವೆಯಾಗಿ ಆ ಮನೆ ಬಿಟ್ಟು ಬಹಳ ಕಾಲವಾಗಿತ್ತು.

ಅದನ್ನು ಬಿಚ್ಚಿದ ದಿನ ನಾನು ಎದುರಿಗಿದ್ದೆ. ಡಯಲಿನ ಹಿಂದೆ, ಹಲ್ಲುಚಕ್ರಗಳ ಸಂದಿಯಲ್ಲಿ ನುಣ್ಣನೆಯ ಬಿಳಿ ಪುಡಿ ಎಣ್ಣೆಯೊಂದಿಗೆ ಸೇರಿ ಗಟ್ಟಿಯಾಗಿತ್ತು. ಡಯಲ್ ತಿರುಗಿಸಿ ಬಿಟ್ಟರೆ ಏರು ಹತ್ತುವ ಮುದುಕನಂತೆ ನಿಂತು ನಿಂತು ಬರುತ್ತಿತ್ತು.

"ಸುಣ್ಣದ ಧೂಳು," ಎಂದ ಅಣ್ಣ.

ಅತ್ತಿಗೆ ಕಾಫಿ ಲೋಟ ಇಟ್ಟು ಬಗ್ಗಿ ಮೂಸಿದರು. "ಸುಣ್ಣ ಅಲ್ಲ ಕಣ್ರೀ. ವಿಭೂತಿ ವಾಸನೆ ಬರ್ತಾ ಇದೆ."

"ವಿಭೂತಿ ಆದ್ರೆ ಹಣೇಲಿರ್ಬೇಕು. ಡಯಲಲ್ಲಿ ಅದಕ್ಕೇನು ಕೆಲಸ?"

ಮೂವರೂ ನಕ್ಕೆವು. ಅವನು ಬಟ್ಟೆಯನ್ನು ಪೆಟ್ರೋಲಿನಲ್ಲಿ ಅದ್ದಿ ಒರೆಸಿದ. ಆ ಬಟ್ಟೆ ಮರುದಿನ ಬೆಳಗ್ಗೆ ಬಚ್ಚಲ ಹಂಡೆಯ ಒಲೆ ಹೊತ್ತಿಸಲು ಹೋಯಿತು. ನಮ್ಮನೆಯಲ್ಲಿ ಅಣ್ಣನ ಒರಸು ಬಟ್ಟೆಗಳಿಗೆಲ್ಲ ಅದೇ ಗತಿ. ಬೇಗ ಹೊತ್ತಿಕೊಳ್ಳುತ್ತವೆಂದು ಅತ್ತಿಗೆ ಎತ್ತಿಡುತ್ತಿದ್ದರು.

ಗಂಟೆಯ ಎರಡು ಹಿತ್ತಾಳೆ ಬಟ್ಟಲುಗಳ ಒಳಗೆ ಅರಳೆ ತುಂಬಿತ್ತು. ಮೇಲ್ಪದರ ಧೂಳಿನಿಂದ ಕಪ್ಪಾಗಿದ್ದರೂ ಒಳಗೆ ಹಾಲಿನಂಥ ಬಿಳುಪು, ಉದ್ದನೆಯ ಎಳೆ. ಅಣ್ಣ ಚಿಮಟದಲ್ಲಿ ಅದನ್ನು ಎಳೆದು ತೆಗೆದು, "ಇಲಿ ಗೂಡು ಕಟ್ಟಿದೆ" ಎಂದ. ಅತ್ತಿಗೆ ಮೇಲಿನ ಕೊಳೆ ಕಿತ್ತು ಬಿಸಾಕಿ, ಉಳಿದದ್ದನ್ನು ಬೆರಳಲ್ಲಿ ಎಳೆದು ನೋಡಿ, "ಎಂಥಾ ಒಳ್ಳೆ ಅರಳೆ! ಅಂಗಡೀಲಿ ಇಂಥದು ಸಿಗಲ್ಲ" ಎಂದರು. ಅಲ್ಲೇ ಕೂತು ಅಂಗೈಯಲ್ಲಿ ಹೊಸೆದು ಹೂಬತ್ತಿ ಮಾಡಿದರು. ಆ ವಾರ ಸಂಜೆಯ ದೀಪಕ್ಕೆ ಅವೇ ಬತ್ತಿಗಳು. ಚೆನ್ನಾಗಿ ಉರಿದವು ಎಂದು ಅತ್ತಿಗೆ ಹೇಳಿದ್ದು ನೆನಪಿದೆ.

ಕೆಂಪು ದಾರ ಸುತ್ತಿದ್ದ ಬಳ್ಳಿಯನ್ನು ತೆಗೆದು, ಅಷ್ಟೇ ಹಳೆಯದಾದರೂ ಎಲ್ಲೂ ಹರಿಯದ ಇನ್ನೊಂದು ಬಳ್ಳಿಯನ್ನು ಅಣ್ಣ ಹಾಕಿದ. ರಿಸೀವರಿನ ಅಂಚಿನಲ್ಲಿ ಒಂದು ಚಕ್ಕೆ ಹಾರಿತ್ತು. ಅದಕ್ಕೆ ಕರಿ ಅರಗು ತುಂಬಿ, ಬೆರಳಿಟ್ಟರೂ ತಿಳಿಯದಷ್ಟು ಸಮ ಮಾಡಿದ. ಮುಗಿದಾಗ ಫೋನಿನ ಮೈಯಲ್ಲಿ ಕಿಟಕಿಯ ಸರಳುಗಳು ಕಾಣುತ್ತಿದ್ದವು. ಸೊನ್ನೆ ತಿರುಗಿಸಿ ಬಿಟ್ಟು, ಕಣ್ಣು ಮುಚ್ಚಿ ಕೇಳಿ, "ಈಗ ಸರಿ" ಎಂದ. ಅವನು ಮಾಡಿದ ಅಷ್ಟೂ ಫೋನುಗಳಲ್ಲಿ ಅದೇ ಅತ್ಯುತ್ತಮ ಕೆಲಸ. ಇದನ್ನು ನಾನು ಆಗಲೂ ಒಪ್ಪಿದ್ದೆ, ಈಗಲೂ ಒಪ್ಪುತ್ತೇನೆ.

ಭಾನುವಾರ ಬೆಳಗ್ಗೆ ಮೂವರೂ ಹೊರಟೆವು. ಫೋನು ಅಣ್ಣನ ಸೈಕಲ್ಲಿನ ಕ್ಯಾರಿಯರ್ ಮೇಲೆ, ಅದೇ ಟವೆಲಿನಲ್ಲಿ. ಕುರುಬರಹಳ್ಳಿ ದಾಟಿದ ಮೇಲೆ ರಸ್ತೆ ಬರೀ ಜಲ್ಲಿ. ಫೋನು ಕುಲುಕಬಾರದೆಂದು ಅವನು ಸೈಕಲ್ ತಳ್ಳಿಕೊಂಡೇ ಬಂದ. ಖಾಲಿ ಸೈಟುಗಳ ನಡುವೆ ಅಲ್ಲೊಂದು ಇಲ್ಲೊಂದು ಮನೆ. ಟೀಚರ ಮನೆಗೆ ಇನ್ನೂ ಹೊರಗಿನ ಗಾರೆಯಾಗಿರಲಿಲ್ಲ.

ಅಜ್ಜಿ, ಅಂದರೆ ಟೀಚರ ತಾಯಿ, ಒಳಕೋಣೆಯ ಮಂಚದ ಮೇಲೆ ಕೂತಿದ್ದರು. ಹಣೆಯ ಮೇಲೆ ಅಚ್ಚುಕಟ್ಟಾದ ಮೂರೆಳೆ ವಿಭೂತಿ. ನಮ್ಮ ಹೆಜ್ಜೆ ಸಪ್ಪಳಕ್ಕೆ ಮುಖವೆತ್ತಿ, "ಬಂತೇನವ್ವ?" ಎಂದರು. ಬಂದರೇ ಎಂದು ಕೇಳಲಿಲ್ಲ. ಆ ವಿಭೂತಿ ಕಂಡು ಅತ್ತಿಗೆ ಒಮ್ಮೆ ಅಣ್ಣನ ಕಡೆ ನೋಡಿದರು. ಅವನು ತಂತಿ ಎಳೆಯುವುದರಲ್ಲಿದ್ದ.

ಮಂಚದ ಪಕ್ಕದ ಸ್ಟೂಲಿನ ಮೇಲೆ ಫೋನ್ ಇಟ್ಟ. ಅಡುಗೆಮನೆಯಲ್ಲಿ ಹ್ಯಾಂಡಲ್ ಇದ್ದ ಇನ್ನೊಂದು ಫೋನ್ ಕೂರಿಸಿದ. ಟೀಚರನ್ನು ಅಲ್ಲಿ ನಿಲ್ಲಿಸಿ, ತಿರುಗಿಸಿ ಎಂದ. ಗಂಟೆ ಬಾರಿಸಿತು. ಹೊಸ ಮನೆಯ ಬರಿಗೋಡೆಗಳಿಗೆ ಬಡಿದು, ಕಂಚಿನ ತಟ್ಟೆ ಬಿದ್ದ ಹಾಗೆ ಕೇಳಿಸಿತು.

ಅಜ್ಜಿ ಬೆಚ್ಚಿದರು. ಆಮೇಲೆ ಕಿಟಕಿಯ ಕಡೆಗೆ ಮುಖ ತಿರುಗಿಸಿ ಹೇಳಿದರು: "ಪಕ್ಕದ ಮನ್ಯಾಗ ಫೋನ್ ಬಂತು ನೋಡವ್ವ. ಯಾರೂ ಎತ್ತವಲ್ರು."

ಟೀಚರ್ ಓಡಿ ಬಂದರು. "ಅವ್ವ, ಇದು ನಮ್ದೇ ಫೋನ್. ನಮ್ಮನೀದೇ. ಮುಟ್ಟಿ ನೋಡು."

ಅಜ್ಜಿಯ ಕೈ ಮೊದಲು ಬಳ್ಳಿಗೆ ಹೋಯಿತು. ಬುಡದಿಂದ ತುದಿಯವರೆಗೆ ಬೆರಳ ನಡುವೆ ಹಾಯಿಸಿದರು. ಏನೋ ತಪ್ಪಿತೆಂಬಂತೆ ಮತ್ತೆ ಬುಡದಿಂದ ಹಿಡಿದರು. ಆಮೇಲೆ ರಿಸೀವರಿನ ಅಂಚು ಸವರಿದರು. ಕೊನೆಗೆ ಡಯಲಿಗೆ ಬೆರಳು ತೂರಿಸಿ, ತಿರುಗಿಸಿ, ಬಿಟ್ಟರು. ಅದು ಅಣ್ಣ ಮಾಡಿದ್ದ ಹಾಗೆಯೇ, ಒಂದೇ ವೇಗದಲ್ಲಿ ಹಿಂದಿರುಗಿತು. ಅವರು ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಇದು ನಮ್ದಲ್ಲ."

"ಅದೇ ಅಜ್ಜಿ," ಎಂದ ಅಣ್ಣ. "ನಾನೇ ಬಿಚ್ಚಿದ್ದು, ನಾನೇ ಜೋಡಿಸಿದ್ದು. ಬೇರೆ ಹೇಗಾಗುತ್ತೆ?"

"ನಮ್ದು ಹಿಂಗ ಓಡ್ತಿರ್ಲಿಲ್ಲಪ್ಪ. ನಮ್ಮವರು ಪೂಜಿ ಮುಗಿಸಿ ಎದ್ದವ್ರೇ ಅದೇ ವಿಭೂತಿ ಕೈಲಿ ಮಿಲ್ಲಿಗೆ ಫೋನ್ ತಿರುವೋರು. ದಿನಾ. 'ಕೈ ತೊಳ್ಕೊಳ್ರಿ' ಅಂದ್ರೆ 'ವಿಭೂತಿ ತೊಳೀತಾರೇನೇ' ಅನ್ನೋರು. ನಮ್ಮ ಫೋನು ಅವಸರ ಮಾಡ್ತಿರ್ಲಿಲ್ಲ. ನಿಧಾನಕ್ಕ ಬರ್ತಿತ್ತು. ಮಧ್ಯಾಹ್ನ ಅವರು ಮಲಗಿದಾಗ ಗಂಟಿ ಕೂಗ್ಬಾರ್ದು ಅಂತ ನಾನೇ ಮಿಲ್ಲಿನ ವಯರ್‌ಮನ್ ಕೈಲಿ ಒಳಗ ಅರಳೆ ಇಡಿಸಿದ್ದೆ. ಟಕಟಕ ಅಂತಿತ್ತು, ನನ್ನೊಬ್ಬಳಿಗೆ ಕೇಳೋವಷ್ಟು. ಅರಳೆ ಎಲ್ಲೈತಿ ಇದ್ರಾಗ?"

ಅತ್ತಿಗೆಯೇ ಮುಂದೆ ಬಂದು ಮಂಚದ ಬಳಿ ಕೂತರು. "ಅರಳೆ ಇತ್ತು ಅಜ್ಜಿ. ಒಳ್ಳೆ ಅರಳೆ ಅಂತ ನಾನು ದೀಪದ ಬತ್ತಿ ಮಾಡ್ಬಿಟ್ಟೆ. ವಿಭೂತೀನೂ ಇತ್ತು, ಒರೆಸಿದ್ರು. ದಾರ ಸುತ್ತಿದ ಬಳ್ಳಿ ಬದಲಾಯಿಸಿದ್ರು."

ಹೇಳಿದ್ದೆಲ್ಲ ನಿಜ. ಆದರೆ ವಿಭೂತಿಯ ಮಾತು, ಅರಳೆಯ ಮಾತು ಅಜ್ಜಿಯೇ ಮೊದಲು ಆಡಿಬಿಟ್ಟಿದ್ದರು. ಕೇಳುವವರ ಪ್ರಶ್ನೆಯಲ್ಲೇ ಇದ್ದ ಉತ್ತರವನ್ನು ಹೇಳಿದರೆ ಅದಕ್ಕೆ ಸಾಕ್ಷಿಯ ತೂಕ ಬರುವುದಿಲ್ಲ. ಇದು ನನ್ನ ವೃತ್ತಿಯಲ್ಲಿ ಮೊದಲು ಕಲಿಸುವ ಪಾಠ. ದಾರದ ಮಾತನ್ನು ಅಜ್ಜಿ ಆಡಿರಲಿಲ್ಲ. ಆದರೆ ಅವರ ಬೆರಳು ಬಳ್ಳಿಯ ಮೇಲೆ ಎರಡು ಸಲ ಹುಡುಕಿದ್ದನ್ನು ಕೋಣೆಯಲ್ಲಿದ್ದವರೆಲ್ಲ ನೋಡಿದ್ದರು, ಅದು ಅಜ್ಜಿಗೂ ಗೊತ್ತಿತ್ತು. ಅಣ್ಣ ಫೋನನ್ನು ಮಗುಚಿ, ತಳದಲ್ಲಿ ಅಚ್ಚಾದ ನಂಬರನ್ನು ಟೀಚರಿಗೆ ತೋರಿಸಿದ. ಅವರು ಅದನ್ನು ಹಿಂದೆಂದೂ ನೋಡಿರಲಿಲ್ಲ. ನೋಡಿದ್ದರೂ ತಾಯಿಗೆ ಅದರಿಂದ ಏನೂ ಆಗುತ್ತಿರಲಿಲ್ಲ. ಆ ಫೋನ್ ಅವರದೇ ಎಂದು ಅವರ ಕೈಗೂ ಕಿವಿಗೂ ಹೇಳಬಲ್ಲ, ಚಕ್ಕೆ ಹಾರಿದ ಅಂಚೂ ಸೇರಿ, ನಾಲ್ಕು ಗುರುತುಗಳಿದ್ದವು. ನಾಲ್ಕನ್ನೂ ನಾವು ಕೊಳೆಯೆಂದೋ ಕುಂದೆಂದೋ ತೆಗೆದಿದ್ದೆವು.

ಅಜ್ಜಿ ಸಿಟ್ಟು ಮಾಡಲಿಲ್ಲ. ಅಣ್ಣನ ದನಿ ಬಂದ ಕಡೆ ಕೈ ಚಾಚಿ ಅವನ ಮುಂಗೈ ಹಿಡಿದುಕೊಂಡರು. "ಇರ್ಲಿ ಬಿಡಪ್ಪ. ನಮ್ದು ಬಿದ್ದು ಒಡೆದಿರ್ಬೇಕು. ನೀ ಮನಸಿಗೆ ಹಚ್ಕೊಂಡು ಬ್ಯಾರೆ ಚಲೋದು ತಂದೀದಿ. ಹಳೇ ಸಾಮಾನು, ಒಡೀತಾವೆ. ತಪ್ಪೇನಿಲ್ಲ."

ಬೈದಿದ್ದರೆ ಅಣ್ಣ ಏನಾದರೂ ಎದುರು ಹೇಳುತ್ತಿದ್ದನೇನೋ. ಮಾಡದ ತಪ್ಪಿಗೆ ಸಿಕ್ಕ ಕ್ಷಮೆಯನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಟೀಚರ್ ಕಣ್ಣೊರೆಸಿಕೊಂಡು, "ಅವ್ವನಿಗೆ ಮರವು ಹೆಚ್ಚಾಗೈತಿ, ನೀವು ಬೇಜಾರು ಮಾಡ್ಕೋಬೇಡಿ" ಎಂದರು. ಅಜ್ಜಿಗೆ ಮರೆವಿರಲಿಲ್ಲ. ಆ ಕೋಣೆಯಲ್ಲಿ ಎಲ್ಲ ನೆನಪಿದ್ದವರು ಅವರೊಬ್ಬರೇ.

ಉಪ್ಪಿಟ್ಟು ತಿಂದು ಹೊರಟೆವು. ಬರುವಾಗ ಅಣ್ಣ ಸೈಕಲ್ ಹತ್ತಲಿಲ್ಲ. ಕ್ಯಾರಿಯರ್ ಖಾಲಿಯಿದ್ದರೂ ಜಲ್ಲಿ ರಸ್ತೆಯುದ್ದಕ್ಕೂ ತಳ್ಳಿಕೊಂಡೇ ಬಂದ.

ಕೆಲವು ದಿನ ಕಳೆದ ಮೇಲೆ ಅವನು ಕುರುಬರಹಳ್ಳಿಯ ಹಾಸಿಗೆ ಹೊಲಿಯುವವನ ಬಳಿ ಹೋಗಿ ಅರಳೆ ತಂದ. ಬಿಸಾಡದೆ ಉಳಿದಿದ್ದ ಹಳೆಯ ಬಳ್ಳಿಯನ್ನು ಡಬ್ಬದಲ್ಲಿ ಹುಡುಕಿದ. ಹೊರಗಿನ ನೂಲನ್ನು ಬೇರೆ ರಿಪೇರಿಗೆಂದು ಬಿಡಿಸಿ ಬಳಸಿಯಾಗಿತ್ತು, ಕೆಂಪು ದಾರ ಇರಲಿಲ್ಲ. ಅತ್ತಿಗೆಯ ಹೊಲಿಗೆ ಪೆಟ್ಟಿಗೆಯಿಂದ ಬೇರೆ ಕೆಂಪು ದಾರ ತೆಗೆದ. ದೇವರ ಗೂಡಿನಿಂದ ವಿಭೂತಿ ಗಟ್ಟಿಯನ್ನೂ ತಂದು ಮೇಜಿನ ಮೇಲಿಟ್ಟ. ಟೀಚರ್ ಮನೆಯಿಂದ ಫೋನ್ ತಂದು ಎಲ್ಲವನ್ನೂ ಮೊದಲಿನಂತೆ ಮಾಡುತ್ತೇನೆಂದ.

"ಇಷ್ಟು ದಿನ ಹಳೇದನ್ನ ಹೊಸದು ಮಾಡ್ತಿದ್ರಿ," ಎಂದರು ಅತ್ತಿಗೆ. "ಈಗ ಹೊಸದನ್ನ ಹಳೇದು ಮಾಡೋಕೆ ಕೂತ್ರಾ?" ಗೇಲಿ ಮಾಡಲು ಹೊರಟ ಮಾತು, ದನಿಯಲ್ಲಿ ಗೇಲಿ ಇರಲಿಲ್ಲ.

ಅವನು ನನ್ನನ್ನು ಕೇಳಿದ. "ನೀನೇನಂತೀಯೋ? ಫೋನ್ ಅದೇ ತಾನೇ? ಸುಳ್ಳೇನಿದೆ ಇದ್ರಲ್ಲಿ?"

"ಫೋನ್ ಅದೇ ಕಣೋ. ದಾರ ಅವರು ಸುತ್ತಿದ್ದಲ್ಲ. ವಿಭೂತಿ ಅವರ ಯಜಮಾನರ ಕೈದಲ್ಲ. ನಿಜವಾದ ಸುದ್ದಿಗೆ ನಾಟಕ ಆಡಿಸಿ ತೆಗೆದ ಫೋಟೋ ಹಾಕಿದ ಹಾಗೆ. ಅವರು ನಂಬಿದ್ರೆ ಏನನ್ನ ನಂಬಿದ ಹಾಗಾಯ್ತು?"

ಅಣ್ಣ ವಿಭೂತಿ ಗಟ್ಟಿಯನ್ನು ತೆಗೆದುಕೊಂಡು ಹೋಗಿ ದೇವರ ಗೂಡಿನಲ್ಲಿಟ್ಟ. ಅರಳೆಯನ್ನು ಅತ್ತಿಗೆ ಬತ್ತಿ ಮಾಡಲಿಲ್ಲ. ಅದು ಬಹಳ ದಿನ ಕಿಟಕಿಯ ಮೇಲಿತ್ತು. ನಾನು ಆಡಿದ ಮಾತು ಸರಿಯೆಂದೇ ಈಗಲೂ ಅನ್ನಿಸುತ್ತದೆ. ಆ ಸರಿಯಿಂದ ಅಜ್ಜಿಗೆ ಏನೂ ದಕ್ಕಲಿಲ್ಲವೆಂಬುದನ್ನೂ ಸೇರಿಸಿ ಬರೆಯಬೇಕು.

ಮುಂದಿನದು ಟೀಚರ್ ಅತ್ತಿಗೆಗೆ ಹೇಳಿದ್ದು, ಅತ್ತಿಗೆ ನಮಗೆ ಹೇಳಿದ್ದು. ಅಜ್ಜಿ ಸ್ಟೂಲಿನ ಮೇಲಿನ ಫೋನನ್ನು ಮತ್ತೆ ಮುಟ್ಟಲಿಲ್ಲ. ಅಡುಗೆಮನೆಯಿಂದ ಬಾರಿಸಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಟೀಚರ್ ಬಾರಿಸುವುದನ್ನು ಬಿಟ್ಟರು. ಅದರ ಮೇಲೊಂದು ಕಸೂತಿ ಬಟ್ಟೆ ಬಿತ್ತು. ಆದರೆ ಒಡೆದುಹೋಯಿತೆಂಬ ತಮ್ಮದೇ ಮಾತನ್ನು ಕಾಲ ಕಳೆದಂತೆ ಅಜ್ಜಿ ಬಿಟ್ಟುಬಿಟ್ಟರು. ಒಂದು ದಿನ ಮಗಳನ್ನು ಕೇಳಿದರಂತೆ: "ನಮ್ಮ ಫೋನ್ ಆ ಹುಡುಗನ ಹತ್ರಾನೇ ಐತಲ್ಲ? ಇನ್ನೂ ರಿಪೇರಿ ಮಾಡಾಕ ಹತ್ಯಾನೇನು?"

"ಹ್ಞೂಂ ಅವ್ವ, ಮಾಡ್ತಾ ಇದಾನೆ" ಎಂದರು ಟೀಚರ್.

ಅಲ್ಲಿಂದ ಅಜ್ಜಿ ಆಗಾಗ ವಿಚಾರಿಸುತ್ತಿದ್ದರು. ಬಳ್ಳಿ ಹುಷಾರು, ದಾರ ಕಟ್ಟೀನಿ ಅಂತ ಹೇಳು, ಎನ್ನುತ್ತಿದ್ದರಂತೆ. ಗಂಟೆಯೊಳಗಿನ ಅರಳೆ ತೆಗೀಬ್ಯಾಡ ಅಂತ ಹೇಳು, ಎನ್ನುತ್ತಿದ್ದರಂತೆ. ಹೊಲಿಗೆ ಕ್ಲಾಸಿನಿಂದ ಬಂದ ಅತ್ತಿಗೆ ಇವುಗಳನ್ನೆಲ್ಲ ಅಣ್ಣನಿಗೆ ಹೇಳಬೇಕೋ ಬೇಡವೋ ಎಂದು ನನ್ನ ಮುಖ ನೋಡುತ್ತಿದ್ದರು. ಕೆಲವನ್ನು ಹೇಳುತ್ತಿದ್ದರು.

ಗುಜರಿ ಸಾಹೇಬರ ಅಂಗಡಿಗೆ ಅಣ್ಣ ಹೋಗುವುದು ಕಡಿಮೆಯಾಯಿತು. ಹೋದಾಗ ತಂದ ಫೋನನ್ನು ಕೂಡಲೇ ಬಿಚ್ಚುತ್ತಿರಲಿಲ್ಲ. ಮೇಜಿನ ಮೇಲಿಟ್ಟು, ಡಯಲ್ ಒಮ್ಮೆ ತಿರುಗಿಸಿ ಕೇಳಿ, ಬಳ್ಳಿಯನ್ನು ಬೆರಳ ನಡುವೆ ಹಾಯಿಸಿ ನೋಡುತ್ತಿದ್ದ. ಎಷ್ಟೋ ಫೋನುಗಳು ತಂದ ಹಾಗೆಯೇ ಧೂಳಿನೊಂದಿಗೆ ಕಪಾಟು ಸೇರಿದವು.

ಒಂದು ಸಂಜೆ ಅವನು ಬಹಳ ದಿನಗಳ ಮೇಲೆ ಒಂದು ಫೋನಿನ ತಳದ ಸ್ಕ್ರೂಗಳನ್ನು ಬಿಚ್ಚಿ ಕೂತಿದ್ದ. ಪಕ್ಕದಲ್ಲಿ ಪೆಟ್ರೋಲಿನ ಬಟ್ಟಲು, ಒರಸು ಬಟ್ಟೆ. ಅತ್ತಿಗೆ ಒಳಗೆ ಬಂದವರು ಬ್ಯಾಗು ಕೆಳಗಿಡದೆ ನಿಂತೇ ಹೇಳಿದರು:

"ಅಜ್ಜಿ ಹೇಳಿ ಕಳ್ಸಿದಾರೆ."

"ಏನಂತೆ?"

"ಅವಸರ ಇಲ್ವಂತೆ. ನಿಧಾನಕ್ಕೆ ಮಾಡು ಅಂತ ಹೇಳು ಅಂದ್ರಂತೆ."

ಅಣ್ಣ ಒರಸು ಬಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಮೇಜಿನ ಮೇಲೆ ಚೆಲ್ಲಿದ್ದ ಸ್ಕ್ರೂಗಳನ್ನು ಒಂದೊಂದಾಗಿ ಎತ್ತಿಕೊಂಡು, ಆ ಫೋನಿನ ತಳವನ್ನು ಮೊದಲಿದ್ದ ಹಾಗೆ ಮುಚ್ಚಿದ.